ಚಂದಾ ಕಟ್ಟಿದ ಆನಿಮೇಷನ್, ಫೋನಿನಲ್ಲಿ ತೆಗೆದ ಎರಡು ನಿಮಿಷ

ಮೊದಲೇ ಹೇಳಿಬಿಡುತ್ತೇನೆ. ಹತ್ತು ಹನ್ನೊಂದು ವರ್ಷದ ಮಕ್ಕಳಿಗೆ ವಿಜ್ಞಾನ ಹೇಳಿಕೊಡಲು ನನಗೆ ಇಷ್ಟವಾಗಿರುವುದು ನಾನೇ ಫೋನಿನಲ್ಲಿ ತೆಗೆದ ಪುಟ್ಟ ವಿಡಿಯೋಗಳು. ವರ್ಷದ ಚಂದಾ ಕಟ್ಟಿ ಒಂದು ಆನಿಮೇಷನ್ ಪ್ಯಾಕ್ ಕೂಡ ತೆಗೆದುಕೊಂಡಿದ್ದೆ. ಅದರ ಚಿತ್ರ ಚೆಂದ, ಧ್ವನಿ ಸ್ಪಷ್ಟ. ತಕರಾರು ಶುರುವಾಗಿದ್ದು ಮೇಣದಬತ್ತಿಯ ಪಾಠದಲ್ಲಿ.

ಪ್ರಯೋಗ ನಿಮಗೂ ಗೊತ್ತಿರುತ್ತದೆ. ತಟ್ಟೆಯಲ್ಲಿ ಬಣ್ಣದ ನೀರು, ನಡುವೆ ಉರಿಯುವ ಬತ್ತಿ, ಮೇಲೆ ಗಾಜಿನ ಲೋಟ ಬೋರಲು. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ಗಾಳಿಯಲ್ಲಿ ಶೇಕಡಾ 21ರಷ್ಟು ಆಮ್ಲಜನಕ ಇತ್ತು, ಅದು ಖರ್ಚಾದ ಜಾಗಕ್ಕೆ ನೀರು ಬಂತು ಅಂತ ಪ್ಯಾಕಿನ ವಿಡಿಯೋ ಹೇಳಿತು. ಮಕ್ಕಳು ಬರೆದುಕೊಂಡರು. ನಾನೂ ತಲೆಯಾಡಿಸಿದೆ.

ಆಮೇಲೆ ಸುಮ್ನೆ ಅದನ್ನೇ ಮೇಜಿನ ಮೇಲೆ ಮಾಡಿ ಶೂಟ್ ಮಾಡಿ ತೋರಿಸಿದೆ. ಬತ್ತಿ ಉರಿಯುವಷ್ಟು ಹೊತ್ತು ನೀರು ಹೆಚ್ಚೇನೂ ಏರಲಿಲ್ಲ. ಆರುತ್ತಿದ್ದಂತೆ ಸರ್ರನೆ ಏರಿತು. ಒಬ್ಬ ಹುಡುಗಿ ಕೇಳಿದಳು: "ಆಮ್ಲಜನಕ ಉರಿಯುವಾಗ ತಾನೇ ಖರ್ಚಾಗೋದು? ಮತ್ತೆ ನೀರು ಆರಿದ ಮೇಲೆ ಯಾಕೆ ಏರ್ತು?"

ಅವಳ ಪ್ರಶ್ನೆಯೇ ಸರಿ. ನೀರು ಏರಲು ಮುಖ್ಯ ಕಾರಣ ಬಿಸಿ. ಲೋಟ ಇಡುವಾಗ ಒಳಗಿನ ಗಾಳಿ ಕಾದು ಹಿಗ್ಗಿರುತ್ತದೆ, ಒಂದಿಷ್ಟು ಅಂಚಿನಿಂದ ಗುಳ್ಳೆಯಾಗಿ ಹೊರಗೂ ಹೋಗುತ್ತದೆ. ಬತ್ತಿ ಆರಿದಾಗ ಉಳಿದ ಗಾಳಿ ತಣಿದು ಕುಗ್ಗುತ್ತದೆ. ಆಗ ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಗೆ ತಳ್ಳುತ್ತದೆ. ಅಷ್ಟಕ್ಕೂ ಆಮ್ಲಜನಕ ಪೂರ್ತಿ ಮುಗಿಯುವ ಮೊದಲೇ ಬತ್ತಿ ಆರಿಬಿಡುತ್ತದೆ. ಮರುದಿನ ಅದೇ ಲೋಟದಡಿ ಮೂರು ಬತ್ತಿ ಇಟ್ಟೆವು. ಲೋಟದಲ್ಲಿದ್ದ ಆಮ್ಲಜನಕ ಅಷ್ಟೇ, ನೀರು ಮಾತ್ರ ಇನ್ನೂ ಮೇಲೆ ಹೋಯಿತು.

ಪ್ಯಾಕಿನ ವಿಡಿಯೋವನ್ನು ಮತ್ತೆ ಹಾಕಿ ನೋಡಿದೆ. ಅದರಲ್ಲಿ ಬತ್ತಿ ಉರಿಯುತ್ತಿರುವಾಗಲೇ ನೀರು ನಿಧಾನಕ್ಕೆ ಏರುತ್ತದೆ! ವಿವರಣೆಗೆ ಹೊಂದುವ ಹಾಗೆ ಚಿತ್ರ ಬರೆದಿದ್ದಾರೆ. ಇದು ನನಗೆ ನಿಜಕ್ಕೂ ಬೇಸರ ತಂದಿತು. ಮಕ್ಕಳು ಎಷ್ಟೇ ಕಣ್ಣಿಟ್ಟು ನೋಡಿದರೂ ಅಲ್ಲಿ ತಪ್ಪು ಸಿಗುವಂತೆಯೇ ಇಲ್ಲ. ನಡುವೆ ನಿಲ್ಲಿಸಿ "ಮುಂದೇನಾಗಬಹುದು?" ಅಂತ ಕೇಳೋಣವೆಂದರೆ, ಅಷ್ಟರಲ್ಲಿ ಧ್ವನಿ ಉತ್ತರ ಹೇಳಿ ಆಗಿರುತ್ತದೆ.

ನನ್ನ ವಿಡಿಯೋಗಳಿಗೆ ಧ್ವನಿಯೇ ಇಲ್ಲ. ಮಾತು ತರಗತಿಯಲ್ಲಿ ಆಗಲಿ ಅಂತ. ಹುರುಳಿ ಮೊಳಕೆಗೆ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ 10 ನಿಮಿಷಕ್ಕೊಂದು ಫೋಟೋ ಇಟ್ಟೆ. ಐದು ದಿನಕ್ಕೆ 720 ಫೋಟೋ. ಸೆಕೆಂಡಿಗೆ 24ರಂತೆ ಓಡಿಸಿದರೆ 30 ಸೆಕೆಂಡು. ಬೇರು ಮೊದಲು ಕೆಳಗಿಳಿಯುವುದನ್ನು ಎಷ್ಟು ಸಲ ತೋರಿಸಿದರೂ ಮಕ್ಕಳು "ಇನ್ನೊಂದ್ಸಲ" ಅನ್ನುತ್ತಾರೆ. ಆದರೆ ಆ ಐದು ದಿನ ಫೋನ್ ಕೈಗೆ ಸಿಗಲ್ಲ. ನನ್ನ ಹಳೇ ಫೋನ್ ಇದ್ದಿದ್ದಕ್ಕೆ ಆಯಿತು.

ಹೃದಯದೊಳಗಿನ ರಕ್ತದ ಓಟ, ಭೂಮಿಯ ಸುತ್ತ ಚಂದ್ರ, ಇವನ್ನು ನಾನು ಶೂಟ್ ಮಾಡಲಾರೆ. ಅಲ್ಲಿ ಪ್ಯಾಕೇ ಮೇಲು.

ಆದರೂ ಚಂದಾ ಮುಂದುವರಿಸುತ್ತಿಲ್ಲ. ವರ್ಷಕ್ಕೆ ಅಂಥ ನಾಲ್ಕೈದು ಪಾಠಕ್ಕಾಗಿ ಅಷ್ಟು ದುಡ್ಡು ನನಗೆ ಜಾಸ್ತಿಯಾಯಿತು. ಅವಕ್ಕೆ ಉಚಿತ ವಿಡಿಯೋ ಹುಡುಕಿ, ಮೊದಲು ನಾನೊಬ್ಬಳೇ ಪೂರ್ತಿ ನೋಡಿ, ಧ್ವನಿ ತೆಗೆದು ತೋರಿಸುತ್ತೇನೆ. ರಜೆ ದಿನ ಒಂದು ಗಂಟೆ ಕೂತು ಶೂಟ್ ಮಾಡುವುದು ನನಗೆ ಖುಷಿಯ ಕೆಲಸ. ಆ ಬಿಡುವು ನಿಮಗಿಲ್ಲದಿದ್ದರೆ ಪ್ಯಾಕ್ ಇಟ್ಟುಕೊಳ್ಳಿ, ಮೇಣದಬತ್ತಿಯನ್ನು ಮಾತ್ರ ನಿಮ್ಮ ಕೈಯಾರೆ ಹಚ್ಚಿ ತೋರಿಸಿ.