ಡೆಮೊ ಕೇಳಿ ಪಿಯಾನೊ ಕೊಳ್ಳಬೇಡಿ

ಕಂಪ್ಯೂಟರಿನಲ್ಲಿ ಬಳಸಲು ಪಿಯಾನೊ ಸಾಫ್ಟ್‌ವೇರ್ ಹುಡುಕುತ್ತಿರುವವರು ಹಣ ಕಟ್ಟುವ ಮೊದಲು ಇಷ್ಟು ಓದಿಬಿಡಿ. ನಾನು ಭಾವಗೀತೆಗಳಿಗೆ ವಾದ್ಯ ಸಂಯೋಜನೆ ಮಾಡುತ್ತೇನೆ. ಕಳೆದ ವರ್ಷ ಒಂದು ವಿದೇಶಿ ಕಂಪನಿಯ ಸ್ಯಾಂಪಲ್ ಪಿಯಾನೊಗೆ (ಹೆಸರು ಬೇಡ), ಅಂದರೆ ನಿಜವಾದ ಪಿಯಾನೊದ ಸ್ವರಗಳ ಧ್ವನಿಮುದ್ರಣಗಳಿಂದ ಕಟ್ಟಿದ ಸಾಫ್ಟ್‌ವೇರಿಗೆ, ಸಾವಿರಾರು ರೂಪಾಯಿ ತೆತ್ತೆ. ಡೆಮೊ ಕೇಳಿದರೆ ಯಾರಾದರೂ ಮರುಳಾಗುತ್ತಾರೆ, ಅಷ್ಟು ಸೊಗಸು.

ಮೊದಲ ಪೆಟ್ಟು ಪ್ಲೇಯರ್‌ನದು, ಅಂದರೆ ಆ ಸ್ಯಾಂಪಲ್‌ಗಳನ್ನು ತೆರೆದು ನುಡಿಸುವ ಇನ್ನೊಂದು ಸಾಫ್ಟ್‌ವೇರಿನದು. ‘ಉಚಿತ ಪ್ಲೇಯರ್‌ನಲ್ಲಿ ತೆರೆಯುತ್ತದೆ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದರು. ತೆರೆಯುವುದೇನೋ ನಿಜ, 15 ನಿಮಿಷಕ್ಕೆ ಬಾಯಿ ಮುಚ್ಚುತ್ತದೆ! ಪೂರ್ಣ ಪ್ಲೇಯರ್ ಬೇಕಿದ್ದರೆ ಪಿಯಾನೊಗಿಂತ ಹೆಚ್ಚಿನ ಬೆಲೆ. ಹಣ ವಾಪಸ್ ಕೇಳಿದರೆ, ಸೀರಿಯಲ್ ನಂಬರ್ ನೋಂದಾಯಿಸಿದ ಮೇಲೆ ಸಾಧ್ಯವಿಲ್ಲ ಎಂದರು.

ಅದನ್ನೂ ನುಂಗಿಕೊಳ್ಳಬಹುದಿತ್ತು, ನಾದ ಸರಿಯಿದ್ದಿದ್ದರೆ. ಕೀ ಒತ್ತಿದ ಬಲವನ್ನು ಮಿಡಿ (ಕೀಬೋರ್ಡ್ ಮತ್ತು ಕಂಪ್ಯೂಟರ್ ನಡುವಿನ ಸಂಕೇತ ಭಾಷೆ) 1ರಿಂದ 127ರವರೆಗಿನ ಅಂಕಿಗಳಲ್ಲಿ ದಾಖಲಿಸುತ್ತದೆ. ಅಷ್ಟು ಬಲಗಳಿಗೂ ಪ್ರತ್ಯೇಕ ಧ್ವನಿಮುದ್ರಣ ಇರುವುದಿಲ್ಲ. ಕೆಲವೇ ಪದರಗಳನ್ನು ಮುದ್ರಿಸಿ ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತಾರೆ. ಈ ದಾಟುವಿಕೆ ನಾಜೂಕಾಗಿರಬೇಕು. ನನಗೆ ಸಿಕ್ಕಿದ್ದರಲ್ಲಿ ಮಧ್ಯದ ಸಿ ಕೀಯನ್ನು 70ರ ಬಲದಲ್ಲಿ ಒತ್ತಿದರೆ ದಿಂಬಿನಡಿಯಿಂದ ಬಂದಂಥ ಮೆತ್ತನೆಯ ಸದ್ದು, 71ಕ್ಕೆ ಏರಿಸಿದರೆ ತಟ್ಟನೆ ಕರ್ಕಶ. ತಬಲಾ, ಕೊಳಲು, ವಯಲಿನ್ ಎಲ್ಲ ತುಂಬಿದ ಹಾಡಿನಲ್ಲಿ ಇದು ಗೊತ್ತಾಗುವುದಿಲ್ಲ. ಗಾಯಕಿಯ ದನಿಯ ಜೊತೆ ಪಿಯಾನೊ ಒಂದೇ ಇರುವ ಪಲ್ಲವಿಯಲ್ಲಿ ಮಾತ್ರ ಪ್ರತಿ ಸಾಲಿನಲ್ಲೂ ವಾದ್ಯ ಬದಲಾದಂತೆ ಕೇಳಿಸುತ್ತದೆ. ಅವರ ಡೆಮೊಗಳಲ್ಲಿ ಹಿಂದೆ ತಂತಿವಾದ್ಯಗಳೂ ಮೇಲೆ ಧಾರಾಳ ರಿವರ್ಬ್ (ದೊಡ್ಡ ಸಭಾಂಗಣದಲ್ಲಿ ಕೇಳುವಂಥ ಅನುರಣನ) ಕೂಡ ಏಕಿದ್ದವು ಎಂಬುದು ಆಮೇಲೆ ಅರ್ಥವಾಯಿತು. ಆ ರಿವರ್ಬ್‌ನ ಒಂದು ಪಾಲು ಸ್ಯಾಂಪಲ್‌ಗಳಲ್ಲೇ ಸೇರಿಹೋಗಿದೆ, ತೆಗೆಯಲು ಬರುವುದಿಲ್ಲ. ಅರ್ಧ ಪೆಡಲ್, ಅಂದರೆ ನಾದ ಉಳಿಸುವ ಕಾಲಿನ ಪೆಡಲನ್ನು ಅರ್ಧವಷ್ಟೇ ಒತ್ತುವುದು, ಅಂತೂ ಅದಕ್ಕೆ ತಿಳಿಯದು. ಒತ್ತಿದೆ ಅಥವಾ ಬಿಟ್ಟಿದೆ, ಎರಡೇ ಲೆಕ್ಕ.

ಮೋನೊದಲ್ಲಿ, ಅಂದರೆ ಎಡ ಬಲದ ಸದ್ದುಗಳನ್ನು ಒಂದಾಗಿ ಬೆರೆಸಿ ಕೇಳಿದಾಗ ಇನ್ನೂ ಕೆಟ್ಟದು. ದೂರ ದೂರ ಇಟ್ಟ ಎರಡು ಮೈಕ್‌ಗಳ ಅಲೆಗಳು ಒಂದನ್ನೊಂದು ಅಳಿಸಿ ಮಧ್ಯ ಸ್ಥಾಯಿ ಸೊರಗುತ್ತದೆ. ಒಂದೇ ಸ್ಪೀಕರ್‌ನ ಮೊಬೈಲ್‌ನಲ್ಲಿ ಹಾಡು ಕೇಳುವವರು ನಮ್ಮಲ್ಲಿ ಕಡಿಮೆಯೇ?

ಆದ್ದರಿಂದ ಮೊದಲು ಸಾಲಮ್ಯಾಂಡರ್ ಗ್ರ್ಯಾಂಡ್ ಪಿಯಾನೊ ಇಳಿಸಿಕೊಳ್ಳಿ. ಯಮಾಹಾ ಸಿ5 ಪಿಯಾನೊದ 16 ಪದರಗಳ ಧ್ವನಿಮುದ್ರಣ, ಸಂಪೂರ್ಣ ಉಚಿತ. ಸ್ಫೋರ್ಜಾಂಡೊ ಎಂಬ ಪುಕ್ಕಟೆ ಪ್ಲೇಯರ್‌ನಲ್ಲಿ ನಡೆಯುತ್ತದೆ. ಹಣ ಕೊಡಲೇಬೇಕೆಂದಿದ್ದರೆ ಪಿಯಾನೊಟೆಕ್ ನೋಡಿ. ಅದರಲ್ಲಿ ಸ್ಯಾಂಪಲ್‌ಗಳೇ ಇಲ್ಲ, ತಂತಿ ಮತ್ತು ಸುತ್ತಿಗೆಯ ವರ್ತನೆಯನ್ನು ಲೆಕ್ಕ ಹಾಕಿ ನಾದ ಹುಟ್ಟಿಸುತ್ತದೆ. ಹಾಗಾಗಿ ಡಿಸ್ಕ್‌ನಲ್ಲಿ ಹಿಡಿಯುವ ಜಾಗ ಅತ್ಯಲ್ಪ. ಮೇಲಿನ ಸ್ಥಾಯಿ ನನ್ನ ಕಿವಿಗೆ ತುಸು ಕೃತಕ ಎನಿಸಿತು. ಆದರೂ ಪ್ರಯೋಗದ ಆವೃತ್ತಿ ಕೊಡುತ್ತಾರೆ: ಕೆಲವು ಕೀಗಳು ಮೂಕ, ಒಮ್ಮೆಗೆ 20 ನಿಮಿಷ. ಒಂದೇ ಕೀಯನ್ನು ಮೆಲ್ಲನೆಯಿಂದ ಜೋರಿನವರೆಗೆ ಒತ್ತಿ ನೋಡಲು ಅಷ್ಟು ಸಾಕು.

ಪರವಾನಗಿಯನ್ನು ಇನ್ನೊಬ್ಬರಿಗೆ ಮಾರಬಹುದೇ ಎಂಬುದನ್ನೂ ಕೊಳ್ಳುವ ಮೊದಲೇ ಬರಹದಲ್ಲಿ ಕೇಳಿ. ನನ್ನದನ್ನು ಅರ್ಧ ಬೆಲೆಗೆ ಕೊಳ್ಳಲು ಒಬ್ಬರು ಸಿದ್ಧರಿದ್ದರು, ಕಂಪನಿ ವರ್ಗಾವಣೆಗೆ ಒಪ್ಪಲಿಲ್ಲ.