ಕ್ಲೀನರ್ ತಂತ್ರಾಂಶ ‘ಮಾಲ್‌ವೇರ್ ಇದೆ’ ಎಂದರೆ ಕೂಡಲೇ ದುಡ್ಡು ಕಟ್ಟಬೇಡಿ

ಕಂಪ್ಯೂಟರಿನ ಕಸ ತೆಗೆದು ವೇಗ ಹೆಚ್ಚಿಸುತ್ತೇನೆನ್ನುವ, ಉಚಿತವೆಂದು ಇಳಿಸಿಕೊಂಡ ಕ್ಲೀನರ್ ಒಂದು ನನ್ನ ಅಕ್ಕನಿಂದ ಹಣ ಕಿತ್ತ ಬಗೆ ಇದು. ಹೆಸರು ಹೇಳುವುದಿಲ್ಲ. ಈ ಜಾತಿಯ ಎಷ್ಟೋ ತಂತ್ರಾಂಶಗಳ ವರಸೆ ಒಂದೇ.

ಲ್ಯಾಪ್‌ಟಾಪ್ ನಿಧಾನವಾಗಿದೆ ಎಂದು ಅಕ್ಕ ಅದನ್ನು ಹಾಕಿಕೊಂಡಿದ್ದಳು. ಕಣ್ಣು ಮಿಟುಕಿಸುವುದರೊಳಗೆ ಸ್ಕ್ಯಾನ್ ಮುಗಿದು ಪರದೆಯೆಲ್ಲ ಕೆಂಪಾಯಿತು: ನೂರಾರು ‘ಗಂಭೀರ ಅಪಾಯಗಳು’, ಜೊತೆಗೆ ಮಾಲ್‌ವೇರ್, ಅಂದರೆ ಹಾನಿ ಮಾಡುವ ತಂತ್ರಾಂಶ. ‘ಈಗಲೇ ಸರಿಪಡಿಸಿ’ ಎಂಬ ದಪ್ಪ ಗುಂಡಿ ಒತ್ತಿದರೆ ಕಾರ್ಡ್ ಸಂಖ್ಯೆ ಕೇಳುವ ಪುಟ. ಗಾಬರಿಯಲ್ಲಿ ಕಟ್ಟಿಬಿಟ್ಟಳು.

ಆಮೇಲೆ ನಾನು ಆ ಪಟ್ಟಿಯನ್ನು ಬಿಡಿಸಿ ನೋಡಿದೆ. ‘ವಿವರ’ ಎಂಬ ಕೊಂಡಿ ಮೂಲೆಯಲ್ಲಿ, ಬೂದು ಬಣ್ಣದ ಸಣ್ಣಕ್ಷರದಲ್ಲಿ ಅವಿತಿತ್ತು. ಒಳಗಿದ್ದದ್ದು ಬ್ರೌಸರ್‌ನ ಕುಕಿಗಳು, ತಾತ್ಕಾಲಿಕ ಕಡತಗಳು, ಎಂದೋ ತೆಗೆದುಹಾಕಿದ ತಂತ್ರಾಂಶಗಳು ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ) ಬಿಟ್ಟುಹೋದ ನಮೂದುಗಳು. ಕುಕಿ ಎಂದರೆ ಜಾಲತಾಣಗಳು ಬ್ರೌಸರ್‌ನಲ್ಲಿ ಉಳಿಸುವ ಬರೀ ಪಠ್ಯ. ತಾನಾಗಿ ಓಡುವ ಪ್ರೋಗ್ರಾಂ ಅಲ್ಲ. ಮಾಲ್‌ವೇರ್ ಎನ್ನಬಹುದಾದ ಒಂದು ಕಡತವೂ ಅಲ್ಲಿರಲಿಲ್ಲ. ಸಾಲದ್ದಕ್ಕೆ, ಅದು ರಿಜಿಸ್ಟ್ರಿಯನ್ನು ‘ಶುದ್ಧ’ ಮಾಡಿದ ಮೇಲೆ ಪ್ರಿಂಟರ್ ಕೈಕೊಟ್ಟಿತು; ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಮತ್ತೆ ಹಾಕಬೇಕಾಯಿತು. ರಿಜಿಸ್ಟ್ರಿ ಕ್ಲೀನರ್‌ಗಳಿಗೆ ತನ್ನ ಬೆಂಬಲವಿಲ್ಲ ಎಂದು ಮೈಕ್ರೋಸಾಫ್ಟ್ ಸುಮ್ಮನೆ ಹೇಳಿಲ್ಲ.

ಇದು ಅನಾಮಧೇಯ ಕಂಪನಿಗಳ ಚಾಳಿ ಮಾತ್ರ ಎಂದುಕೊಳ್ಳಬೇಡಿ. ಕಂಪ್ಯೂಟರ್ ನಿಧಾನವಾಗಿದೆಯೇ, ಜಾಹೀರಾತುಗಳು ಪುಟಿಯುತ್ತಿವೆಯೇ ಎಂಬಂಥ ನಾಲ್ಕು ಪ್ರಶ್ನೆಗಳಲ್ಲಿ ಒಂದಕ್ಕೆ ಗುರುತು ಹಾಕಿದರೂ ಸಾಕು, ಸ್ಕ್ಯಾನ್‌ನಲ್ಲಿ ಏನು ಸಿಕ್ಕಿತೆಂಬ ಹಂಗಿಲ್ಲದೆ ‘ಮಾಲ್‌ವೇರ್ ಲಕ್ಷಣವಿದೆ’ ಎನ್ನುತ್ತಿದ್ದ ತಂತ್ರಾಂಶವೊಂದರ ವಿಷಯದಲ್ಲಿ, ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ದೂರು ಹೂಡಿತ್ತು. 2019ರಲ್ಲಿ, ಅದನ್ನು ತನ್ನ ಮಳಿಗೆಗಳಲ್ಲಿ ಬಳಸುತ್ತಿದ್ದ ಕಚೇರಿ ಸಾಮಗ್ರಿ ಮಾರಾಟಗಾರ ಆಫೀಸ್ ಡಿಪೋ ಮತ್ತು ಅದರ ಪಾಲುದಾರ ಸಂಸ್ಥೆ ಒಟ್ಟು 3.5 ಕೋಟಿ ಡಾಲರ್ ತೆತ್ತು ರಾಜಿ ಮಾಡಿಕೊಂಡವು. ದೊಡ್ಡ ಮಳಿಗೆಯ ಕಥೆಯೇ ಹೀಗೆ!

ಹಾಗೆಂದು ಎಲ್ಲ ಎಚ್ಚರಿಕೆಯೂ ಸುಳ್ಳಲ್ಲ. ಸೋಂಕಿನ ಹೆಸರು, ಕಡತ ಇರುವ ಜಾಗ, ಇವೆರಡನ್ನು ಹುಡುಕಿ. ಅವಿದ್ದರೆ ಉಪೇಕ್ಷಿಸಬೇಡಿ, ವಿಂಡೋಸ್‌ನೊಳಗೇ ಇರುವ ಆಂಟಿವೈರಸ್ ಡಿಫೆಂಡರ್‌ನಿಂದ ಪೂರ್ಣ ಸ್ಕ್ಯಾನ್ ಮಾಡಿಸಿ. ಅನುಮಾನ ಉಳಿದರೆ ಆಫ್‌ಲೈನ್ ಸ್ಕ್ಯಾನ್ ಇದೆ. ಅದು ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುವುದರಿಂದ ಮಾಲ್‌ವೇರ್‌ಗೆ ಅಡಗಿ ಕೂರುವುದು ಕಷ್ಟ. ಶಂಕೆಯ ಕಡತವನ್ನು ವೈರಸ್‌ಟೋಟಲ್ ಎಂಬ ಜಾಲತಾಣಕ್ಕೆ ಹಾಕಿ ಹತ್ತಾರು ಆಂಟಿವೈರಸ್‌ಗಳ ಅಭಿಪ್ರಾಯವನ್ನೂ ಪಡೆಯಬಹುದು. ಆದರೆ ಖಾಸಗಿ ದಾಖಲೆಗಳನ್ನು ಅಲ್ಲಿ ಹಾಕಬೇಡಿ, ಅವು ಬೇರೆಯವರ ಕೈಗೂ ಸಿಗುತ್ತವೆ.

ಹಣ ಆಗಲೇ ಕಟ್ಟಿದ್ದರೆ, ತಂತ್ರಾಂಶ ತೆಗೆದುಹಾಕಿದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ. ಸ್ವಯಂ ನವೀಕರಣವನ್ನು ಬೇರೆಯಾಗಿಯೇ ರದ್ದುಪಡಿಸಬೇಕು. ಅಕ್ಕ ಕಳಿಸಿದ ಇಮೇಲ್‌ಗಳಿಗೆ ಉತ್ತರವೇ ಬರಲಿಲ್ಲ. ಕೊನೆಗೆ ಬ್ಯಾಂಕಿಗೆ ಹೇಳಿ ಕಾರ್ಡನ್ನೇ ಬದಲಿಸಿಕೊಂಡಳು.