ಪಾಲಿಯೆಸ್ಟರ್ ಅಂತ ನೈಲಾನ್ ದಾರ ಕೊಟ್ಟರು: ಕ್ವಿಲ್ಟ್ ಹೊಲಿಯುವವರು ದಯವಿಟ್ಟು ಓದಿ

ಮುಂಬೈಯಲ್ಲಿ ಮಷಿನ್ ಮೇಲೆ ಕೌದಿ, ಕ್ವಿಲ್ಟ್ ಹೊಲಿಯುವವರು ಯಾರಿದ್ದೀರೋ ಎಲ್ಲರೂ ಇದನ್ನು ಓದಿ. ಕಣ್ಣಿಗೆ ಕಾಣದ ದಾರ, ಅದೇ ಇನ್ವಿಸಿಬಲ್ ದಾರ, ತರಲು ಹೊರಟಿದ್ದರೆ ರೀಲಿನ ಮೇಲಿನ ಸ್ಟಿಕರ್ ಕೆರೆದು ನೋಡದೆ ದುಡ್ಡು ಕೊಡಬೇಡಿ. ಓದಿದರೆ ಸಾಲದು, ಉಗುರಿನಿಂದ ಕೆರೆದು ನೋಡಿ.

ಭುಲೇಶ್ವರದ ಕಡೆಯ ಒಂದು ಹೊಲಿಗೆ ಸಾಮಾನಿನ ಅಂಗಡಿ. ಹೆಸರು ಬರೆಯುವುದಿಲ್ಲ. ಅಲ್ಲಿ ನಿಲ್ಲುವವರು ನಮ್ಮ ಕನ್ನಡದವರೇ, ಉತ್ತರ ಕರ್ನಾಟಕದ ಕಡೆಯವರು. ಮಂಗಳದಾಸ್ ಮಾರ್ಕೆಟ್‌ಗೆ ಬಟ್ಟೆ ತರಲು ಹೋದಾಗೆಲ್ಲ ಅಲ್ಲಿಗೂ ಹೋಗಿ ಬರುವುದು ನನಗೆ ರೂಢಿ. ಹಿಂದೆ ಅವರು ಕೊಟ್ಟ ದಾರ ಚೆನ್ನಾಗಿತ್ತು. ಅದರಲ್ಲಿ ಹೊಲಿದ ಕ್ವಿಲ್ಟ್ ಇವತ್ತಿಗೂ ಸರಿ ಇದೆ. ಈ ಸಲವೂ ಬಾಯಿ ಬಿಟ್ಟು ಹೇಳಿದ್ದೆ, "ಪಾಲಿಯೆಸ್ಟರೇ ಬೇಕು, ನೈಲಾನ್ ಬೇಡ" ಅಂತ. "ಪಾಲಿಯೆಸ್ಟರ್ ಐತ್ರಿ ಅಕ್ಕಾರ, ನೋಡ್ರಿ ಮ್ಯಾಲೆ ಬರದೈತಿ" ಅಂತ ಅವರೇ ರೀಲು ತಿರುಗಿಸಿ ತೋರಿಸಿದರು.

ಠಾಣೆಯ ಒಬ್ಬರು ತೀರಿಹೋದ ತಮ್ಮ ತಾಯಿಯ ಇಳಕಲ್ ಸೀರೆಗಳನ್ನು ಕೊಟ್ಟು ಕ್ವಿಲ್ಟ್ ಮಾಡಿಕೊಡಿ ಅಂದಿದ್ದರು. ಕೆಂಪು, ಹಸಿರು, ಕಡುನೀಲಿ ತುಂಡುಗಳು. ಯಾವ ಬಣ್ಣದ ದಾರ ಹಾಕಿದರೂ ಇನ್ನೊಂದರ ಮೇಲೆ ಎದ್ದು ಕಾಣುತ್ತದೆ, ಅಲ್ವಾ? ಅದಕ್ಕೇ ಈ ದಾರ. ಸುಮಾರು 0.1 ಮಿಲಿಮೀಟರ್ ದಪ್ಪದ ಎಳೆ. 70/10 ಅಳತೆಯ ಸಣ್ಣ ಸೂಜಿ ಹಾಕಿ, ಕೆಳಗಿನ ಬಾಬಿನ್‌ಗೆ ಹತ್ತಿ ದಾರ ಸುತ್ತಿ, ಮೇಲಿನ ದಾರದ ಟೆನ್ಷನ್, ಅಂದರೆ ಬಿಗಿ, ಇಳಿಸಿ ನಿಧಾನವಾಗಿ ಹೊಲಿದೆ. ಹೊಲಿಗೆ ಚೆನ್ನಾಗಿಯೇ ಬಂತು.

ಅಂಚು ಕೂರಿಸಿ ಕೊನೆಗೆ ಇಸ್ತ್ರಿ ಹಾಕಿದೆ. ಮೇಲೆ ತೆಳು ಬಟ್ಟೆ ಹಾಸಿಯೇ ಹಾಕಿದೆ, ಯಾವಾಗಲೂ ಹಾಗೇ. ಬಟ್ಟೆ ತೆಗೆದು ನೋಡಿದರೆ ಒಂದು ಕಡೆ ಪೂರ್ತಿ ಸುಕ್ಕು. ದಾರ ಕುಗ್ಗಿ ಸೀರೆಯನ್ನು ಎಳೆದುಕೊಂಡಿತ್ತು. ಕೆಲವು ಕಡೆ ಕರಗಿ ಗಟ್ಟಿ ಕಾಳಾಗಿ ಸೀರೆಗೇ ಅಂಟಿತ್ತು. ತುಂಡಾದ ತುದಿಗಳು ಕೈಗೆ ಚುಚ್ಚುತ್ತವೆ. ಇದನ್ನು ಯಾರು ಹೊದ್ದುಕೊಳ್ಳುತ್ತಾರೆ?

ರೀಲು ಎತ್ತಿಕೊಂಡು ನೋಡಿದೆ. ಸ್ಟಿಕರ್‌ನ ಅಂಚು ಸ್ವಲ್ಪ ಎದ್ದಿತ್ತು. ಎಳೆದೆ. ಅದರ ಕೆಳಗೆ ಇನ್ನೊಂದು ಚೀಟಿ. ಅದರಲ್ಲಿ 100% ನೈಲಾನ್ ಅಂತ ಅಚ್ಚಾಗಿದೆ! ಮೇಲೆ ಪಾಲಿಯೆಸ್ಟರ್, ಕೆಳಗೆ ನೈಲಾನ್. ಮೈಯೆಲ್ಲ ಉರಿದುಹೋಯಿತು. ಅಷ್ಟು ಕೇಳಿ ತಂದಿದ್ದೆ. ಅವರೇ ತಿರುಗಿಸಿ ತೋರಿಸಿದ್ದು ಆ ಸ್ಟಿಕರನ್ನೇ.

ಎರಡೂ ಒಂದೇ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕಾಟನ್ ಗುರುತಿಗೆ ಇಟ್ಟ ಇಸ್ತ್ರಿ ಸುಮಾರು 200 ಡಿಗ್ರಿ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬಿಸಿಯಾಗುತ್ತದೆ. ನೈಲಾನ್‌ನಲ್ಲಿ ಒಂದು ಬಗೆ ಸುಮಾರು 220 ಡಿಗ್ರಿಗೇ ಕರಗುತ್ತದೆ, ಅದಕ್ಕೂ ಮುಂಚೆಯೇ ಮೆತ್ತಗಾಗಿ ಕುಗ್ಗುತ್ತದೆ. ಪಾಲಿಯೆಸ್ಟರ್ 250 ದಾಟಬೇಕು. ಜೊತೆಗೆ ನೈಲಾನ್ ಕಾಲ ಕಳೆದಂತೆ ಹಳದಿಯಾಗಿ ಪೆಡಸಾಗುತ್ತದೆ. ಇಸ್ತ್ರಿ ಮುಟ್ಟಿಸದಿದ್ದರೂ ಒಂದು ದಿನ ಕೈ ಕೊಡುತ್ತಿತ್ತು.

ಅಂಗಡಿಯವರಿಗೆ ಫೋಟೋ ಕಳಿಸಿದೆ. ನೋಡಿದರು, ಉತ್ತರ ಇಲ್ಲ. ಫೋನ್ ಮಾಡಿದರೆ "ಇಸ್ತ್ರಿ ಭಾಳ ಬಿಸಿ ಇಟ್ಟಿರಬೇಕ್ರಿ ಅಕ್ಕಾರ" ಅಂದರು. ಆಮೇಲೆ "ನಿಮ್ಮ ಮಷಿನ್ ಟೆನ್ಷನ್ ಸರಿ ಇಲ್ರಿ" ಅಂದರು. ಟೆನ್ಷನ್‌ಗೂ ದಾರ ಕರಗುವುದಕ್ಕೂ ಏನು ಸಂಬಂಧ? ರೀಲು ತೆಗೆದುಕೊಂಡು ಅಂಗಡಿಗೇ ಹೋದೆ. ಎರಡೂ ಚೀಟಿ ಮುಂದಿಟ್ಟೆ. ಆಗ ಮಾತೇ ಬದಲಾಯಿತು. "ಮೇಡಂ, ನಮಗ ಮಾಲ್ ಬರೂದೇ ಹಿಂಗ. ನೈಲಾನ್ ಆದ್ರೇನ್, ಪಾಲಿಯೆಸ್ಟರ್ ಆದ್ರೇನ್, ಎರಡೂ ಪ್ಲಾಸ್ಟಿಕ್ಕೇ." ಬಿಚ್ಚಿದ ರೀಲು ವಾಪಸ್ ತಗೊಳ್ಳುವುದಿಲ್ಲವಂತೆ. ಬಿಲ್ಲಿನಲ್ಲಿ ಬರೀ "ದಾರ" ಅಂತ ಇದೆಯಂತೆ. ಬಿಲ್ ಬರೆದವರು ಯಾರು? ಅವರೇ! ಕೊನೆಗೆ, ಬೇರೆ ಗಿರಾಕಿಗಳ ಮುಂದೆ, "ಇಷ್ಟೆಲ್ಲಾ ಗೊತ್ತಿದ್ದವರು ನೀವ ನೋಡಿ ತಗೋಬೇಕಿತ್ತು" ಅಂದರು. ಅದನ್ನು ನಾನು ಮರೆಯುವುದಿಲ್ಲ.

ರೀಲಿನ ದುಡ್ಡು ಹೋದರೆ ಹೋಗಲಿ. ಅಮ್ಮನ ಸೀರೆ ನಂಬಿ ಕೊಟ್ಟವರ ಮುಂದೆ ಸುಕ್ಕಾದ ಕ್ವಿಲ್ಟ್ ಬಿಚ್ಚಿ ತೋರಿಸಿದೆನಲ್ಲ, ಅವರು ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಈಗ ಆ ದಾರ ಬಿಚ್ಚುತ್ತಾ ಕೂತಿದ್ದೇನೆ. ಕಣ್ಣಿಗೆ ಕಾಣುವುದೇ ಇಲ್ಲ, ಲ್ಯಾಂಪ್ ಪಕ್ಕಕ್ಕೆ ಇಟ್ಟು ಹೊಳಪು ಹುಡುಕಿ ಕತ್ತರಿಸಬೇಕು. ಅಂಟಿಕೊಂಡ ಕಡೆ ಸೀರೆ ಹರಿಯುತ್ತಿದೆ.

ಬಿಲ್ಲಿನಲ್ಲಿ ಪಾಲಿಯೆಸ್ಟರ್ ಅಂತ ಬರೆಸಿ. ಬರೆಯಲ್ಲ ಅಂದರೆ ಎದ್ದು ಬನ್ನಿ, ನಮ್ಮವರು ಅಂತ ಸುಮ್ನೆ ನಂಬಬೇಡಿ. ಹಳೇ ರೀಲು ಚೆನ್ನಾಗಿತ್ತು ಅಂತ ಹೊಸದನ್ನೂ ನಂಬಬೇಡಿ, ಒಂದು ಗೇಣು ಹೊಲಿದು ಇಸ್ತ್ರಿ ಹಾಕಿ ನೋಡಿ. ನಾನು ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಸ್ಟಿಕರ್ ಮೇಲೆ ಸ್ಟಿಕರ್ ಇರುವ ರೀಲು ನಿಮ್ಮ ಮನೆಯಲ್ಲೂ ಇದ್ದರೆ ಎಸೆಯಬೇಡಿ, ಫೋಟೋ ತೆಗೆದಿಟ್ಟು ನೀವೂ ದೂರು ಕೊಡಿ.